ಕೈಗುಣ ಇದೆ ಸರಿ, ಕೈ ತೊಳೆದರಾ?

ಓದುಗರ ಪ್ರಶ್ನೆ – ಡಾಕ್ಟರಮ್ಮನ ಉತ್ತರ

ನಿಮ್ಮ ಬಡಾವಣೆಯ ಕ್ಲಿನಿಕ್ ಬಗ್ಗೆ ಅನುಮಾನ ಇದ್ದರೆ ಬರೆಯಿರಿ ಅಂತ ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಪತ್ರಗಳು ತುಂಬಾ ಬಂದಿವೆ. 'ಹೆಸರು ಹಾಕಬೇಡಿ, ಡಾಕ್ಟರು ಪರಿಚಯದವರು' ಅಂತ ಬರೆದವರೇ ಜಾಸ್ತಿ. ಹಾಗಾಗಿ ಯಾರ ಹೆಸರೂ ಇಲ್ಲ, ಏರಿಯಾ ಮಾತ್ರ ಇದೆ. ಉತ್ತರ ಕೊಟ್ಟಿರುವವರು ಸರ್ಕಾರಿ ಸೇವೆಯಲ್ಲಿದ್ದಾಗ ಕ್ಲಿನಿಕ್‌ಗಳ ತಪಾಸಣೆಗೂ ಹೋಗುತ್ತಿದ್ದ, ಈಗ ನಿವೃತ್ತರಾಗಿರುವ ವೈದ್ಯೆ.

ಪ್ರಶ್ನೆ: ಮೇಡಂ, ರಾಜಾಜಿನಗರದಿಂದ ಹೊರಮಾವಿಗೆ ಮನೆ ಬದಲಾಯಿಸಿದ್ದೇವೆ. ಮನೆಯಲ್ಲಿ ಶುಗರ್, ಬಿಪಿ ಇರುವ ಅತ್ತೆ ಇದ್ದಾರೆ, ಚಿಕ್ಕ ಮಗ ಇದ್ದಾನೆ. ಒಂದೇ ರಸ್ತೆಯಲ್ಲಿ ಮೂರು ಕ್ಲಿನಿಕ್ ಇವೆ. ಮೊಬೈಲ್‌ನಲ್ಲಿ ನೋಡಿದರೆ ಮೂರಕ್ಕೂ ನಾಲ್ಕೂವರೆ ಸ್ಟಾರ್. ಯಾವುದು ಒಳ್ಳೆಯದು ಅಂತ ಹೇಗೆ ತಿಳಿಯೋದು? – ಹೊರಮಾವು

ಉತ್ತರ: ಸ್ಟಾರ್ ಕೊಡುವವರು ಏನು ನೋಡಿ ಕೊಡುತ್ತಾರೆ ಹೇಳಿ? ಡಾಕ್ಟರು ನಗುನಗುತ್ತಾ ಮಾತಾಡಿಸಿದರು, ಬೇಗ ಒಳಗೆ ಬಿಟ್ಟರು, ಜ್ವರ ಎರಡು ದಿನಕ್ಕೆ ಇಳಿಯಿತು. ಮಾಮೂಲಿ ವೈರಲ್ ಜ್ವರ ಆಗಿದ್ದರೆ ಡಾಕ್ಟರು ಇಲ್ಲದೇ ಇದ್ದರೂ ಇಳಿಯುತ್ತಿತ್ತು, ಅದು ಬೇರೆ ಮಾತು. ನಮ್ಮ ಜನ 'ಅವರ ಕೈಗುಣ ಚೆನ್ನಾಗಿದೆ' ಅಂತಾರೆ. ಆ ಕೈ ತೊಳೆದದ್ದು ಯಾವಾಗ ಅಂತ ಯಾರೂ ಕೇಳಲ್ಲ.

ಮೊದಲು ಗೋಡೆ ನೋಡಿ. ನಮ್ಮ ರಾಜ್ಯದಲ್ಲಿ ಖಾಸಗಿ ಕ್ಲಿನಿಕ್ ನಡೆಸಬೇಕಾದರೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ ಅಡಿಯಲ್ಲಿ ನೋಂದಣಿ ಆಗಿರಬೇಕು. ಒಂದೇ ರೂಮಿನ ಕ್ಲಿನಿಕ್ ಆದರೂ ಅಷ್ಟೇ, ಆಯುರ್ವೇದ ಆದರೂ ಹೋಮಿಯೋಪಥಿ ಆದರೂ ಅಷ್ಟೇ. ಆ ಸರ್ಟಿಫಿಕೇಟ್‌ಗೆ ಐದು ವರ್ಷದ ಅವಧಿ ಇರುತ್ತದೆ. ಅದನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ತೂಗು ಹಾಕಬೇಕು. ಬೀರುವಿನಲ್ಲಿ ಭದ್ರವಾಗಿದೆ ಅಂದರೆ ನಡೆಯಲ್ಲ. ಅವಧಿ ಮುಗಿದಿದೆಯಾ ಅಂತ ನೋಡಿ, ಗಣಪತಿ ಫೋಟೋ ಪಕ್ಕದಲ್ಲಿ ಹಳದಿ ತಿರುಗಿದ ಕಾಗದ ಎಷ್ಟೋ ಕಡೆ ಕಾಣುತ್ತದೆ. ದರಪಟ್ಟಿಯೂ ಕಾಣಬೇಕು. ಹೊರಗಡೆ ಬೋರ್ಡ್‌ನಲ್ಲಿ ನೋಂದಣಿ ಸಂಖ್ಯೆ ಇರಬೇಕು ಅಂತ 2024ರಲ್ಲಿ ಆರೋಗ್ಯ ಇಲಾಖೆ ಹೇಳಿದೆ, ಅಲೋಪಥಿಗೆ ತಿಳಿನೀಲಿ ಬೋರ್ಡ್, ಆಯುರ್ವೇದಕ್ಕೆ ಹಸಿರು. ಡಾಕ್ಟರ ಸ್ವಂತ ನೋಂದಣಿ ಬೇರೆ. ಎಂಬಿಬಿಎಸ್ ಆಗಿದ್ದರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನ ಸಂಖ್ಯೆ, ಅದು ಚೀಟಿಯ ಮೇಲೂ ಇರಬೇಕು.

ಇಷ್ಟೆಲ್ಲಾ ಸರಿ ಇದ್ದರೂ ನಿಮಗೆ ಗೊತ್ತಾಗಿದ್ದು ಕ್ಲಿನಿಕ್‌ಗೆ ನಂಬರ್ ಇದೆ ಅನ್ನೋದು ಮಾತ್ರ. ಅಲ್ಲಿ ನಿಮ್ಮ ಅತ್ತೆ ಸುರಕ್ಷಿತವಾಗಿರುತ್ತಾರಾ ಅನ್ನೋದು ಬೇರೆ ಪ್ರಶ್ನೆ. ನಾನು ತಪಾಸಣೆಗೆ ಹೋದಾಗ ಡಾಕ್ಟರು ಫೈಲ್ ತೆಗೆದು ಮುಂದಿಡುತ್ತಿದ್ದರು, ನಾನು ಸೀದಾ ಸಿಂಕ್ ಹತ್ತಿರ ಹೋಗುತ್ತಿದ್ದೆ. ಸಿಂಕ್ ಇದೆಯಾ? ನಲ್ಲಿ ತಿರುಗಿಸಿದರೆ ನೀರು ಬರುತ್ತದಾ? ಸೋಪು ಇದೆಯಾ, ಅದು ಒದ್ದೆಯಾಗಿದೆಯಾ? ಸೋಪು ಒಣಗಿ ಬಿರುಕು ಬಿಟ್ಟಿದ್ದರೆ ಅದಕ್ಕಿಂತ ದೊಡ್ಡ ರಿಪೋರ್ಟ್ ಬೇಕಿಲ್ಲ. ಸೋಪು ಬೇಡ, ಮೇಜಿನ ಮೇಲೆ ಸ್ಯಾನಿಟೈಸರ್ ಬಾಟಲಿ ಇದ್ದರೂ ಸಾಕು. ಆದರೆ ನಿಮ್ಮ ಹಿಂದಿನ ಪೇಷಂಟ್ ಎದ್ದು ಹೋದ ಮೇಲೆ, ನಿಮ್ಮನ್ನು ಮುಟ್ಟುವ ಮೊದಲು, ಡಾಕ್ಟರ ಕೈ ಆ ಬಾಟಲಿ ಕಡೆ ಹೋಯಿತಾ ನೋಡಿ.

ಇನ್ನು ಅತ್ತೆಯವರ ವಿಷಯ. ಶುಗರ್ ನೋಡಲು ಬೆರಳಿಗೆ ಚುಚ್ಚುವ ಸೂಜಿ ಒಬ್ಬರಿಗೆ ಒಂದು. ಪೆನ್ನಿನಂಥ ಸಾಧನದಲ್ಲಿ ಹಾಕಿ ಎಲ್ಲರಿಗೂ ಚುಚ್ಚುತ್ತಿದ್ದರೆ, ಒಳಗಿನ ಸೂಜಿ ಬದಲಾಯಿಸಿದರೂ ಅದು ಸರಿಯಲ್ಲ, ಪೆನ್ನಿನ ಬಾಯಿಗೆ ರಕ್ತ ಅಂಟಿರುತ್ತದೆ. ಮಗನಿಗೆ ಕೆಮ್ಮು, ಉಬ್ಬಸ ಅಂತ ನೆಬ್ಯುಲೈಜರ್ ಇಟ್ಟರೆ ಮಾಸ್ಕ್ ಯಾರದ್ದು ಅಂತ ಕೇಳಿ. ಬೆಳಿಗ್ಗೆಯಿಂದ ಅದೇ ಮಾಸ್ಕ್ ಹತ್ತು ಮಕ್ಕಳ ಮೂಗಿಗೆ ಹೋಗಿರುತ್ತದೆ. ಮೆಡಿಕಲ್ ಸ್ಟೋರ್‌ನಲ್ಲಿ ಒಂದು ಮಾಸ್ಕ್ ಕೊಂಡು ಬ್ಯಾಗಿನಲ್ಲಿ ಇಟ್ಟುಕೊಳ್ಳಿ, ಜಾಸ್ತಿ ದುಡ್ಡೇನೂ ಆಗಲ್ಲ.

ಒಂದು ಸಲಹೆ. ಮನೆಯಲ್ಲಿ ಎಮರ್ಜೆನ್ಸಿ ಬಂದಾಗ ಮೊದಲ ಸಲ ಕ್ಲಿನಿಕ್ ಹುಡುಕಬೇಡಿ. ಈಗಲೇ ಸುಮ್ನೆ ಒಂದು ಬಿಪಿ ಚೆಕ್ ನೆಪದಲ್ಲಿ ಮೂರಕ್ಕೂ ಹೋಗಿ ಬನ್ನಿ.

ಪ್ರಶ್ನೆ: ನಾನು ಹೋಗುವ ಕ್ಲಿನಿಕ್‌ನಲ್ಲಿ ಇಂಜೆಕ್ಷನ್ ಕೊಡುವುದು ಕಾಂಪೌಂಡರ್. ಪರದೆ ಹಿಂದೆ ಔಷಧ ತುಂಬಿಸಿಕೊಂಡೇ ಬರುತ್ತಾನೆ. ಸೂಜಿ ಹೊಸದಾ ಅಂತ ಕೇಳಿದರೆ 'ಅಣ್ಣಾ, ಇಷ್ಟು ವರ್ಷದಿಂದ ಬರ್ತಿದ್ದೀರಾ, ನಂಬಿಕೆ ಇಲ್ವಾ' ಅಂತಾನೆ. ಕೇಳೋದು ತಪ್ಪಾ? – ಕಾಮಾಕ್ಷಿಪಾಳ್ಯ

ಉತ್ತರ: ತಪ್ಪಲ್ಲ. ಪ್ಯಾಕೆಟ್ ನಿಮ್ಮ ಕಣ್ಣೆದುರಿಗೆ ಹರಿಯಬೇಕು. 2018ರಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಾಂಗರಮೌ ಭಾಗದಲ್ಲಿ ಎಷ್ಟೋ ಮಂದಿಗೆ ಒಟ್ಟಿಗೇ ಎಚ್‌ಐವಿ ಇರುವುದು ಗೊತ್ತಾಯಿತು. ಸೈಕಲ್ ಮೇಲೆ ಬಂದು ಅಗ್ಗಕ್ಕೆ ಚಿಕಿತ್ಸೆ ಕೊಡುತ್ತಿದ್ದ ಒಬ್ಬ ನಕಲಿ ವೈದ್ಯ ಒಂದೇ ಸಿರಿಂಜನ್ನು ಹಲವರಿಗೆ ಬಳಸಿದ್ದ ಅನ್ನುವ ಆರೋಪದ ಮೇಲೆ ಅವನನ್ನು ಬಂಧಿಸಿದರು. ಅವನನ್ನೂ ಜನ ನಂಬಿದ್ದರು, ಅಲ್ವಾ?

ಸೂಜಿ ಹೊಸದಾದರೆ ಮುಗಿಯಿತು ಅಂತಲೂ ಅಲ್ಲ. ಸಿರಿಂಜ್ ಕೂಡ ಹೊಸದಿರಬೇಕು. ಸೂಜಿ ಬದಲಿಸಿ ಸಿರಿಂಜ್ ಅದೇ ಇಟ್ಟುಕೊಂಡರೆ ರೋಗ ದಾಟುವುದು ನಿಲ್ಲಲ್ಲ. ಇನ್ನೊಂದು, ಹಲವು ಜನಕ್ಕೆ ಕೊಡುವ ದೊಡ್ಡ ಔಷಧದ ಬಾಟಲಿ ಇರುತ್ತದಲ್ಲ, ಅದರ ರಬ್ಬರ್ ಮುಚ್ಚಳಕ್ಕೆ ಒಂದು ಸೂಜಿ ಚುಚ್ಚಿ ಅಲ್ಲೇ ಬಿಟ್ಟಿರುತ್ತಾರೆ, ಪ್ರತಿ ಸಲ ಸಿರಿಂಜ್ ಸಿಕ್ಕಿಸಿ ಎಳೆದುಕೊಳ್ಳಲು ಸುಲಭ ಅಂತ. ಇದನ್ನು ಕಂಡರೆ ಎದ್ದು ಬನ್ನಿ. ಗಾಳಿಯಲ್ಲಿ ಇರುವುದೆಲ್ಲಾ ಆ ಸೂಜಿಯ ದಾರಿಯಲ್ಲಿ ಬಾಟಲಿಗೆ ಇಳಿಯುತ್ತದೆ.

ಸ್ಟೀಲ್ ಡಬ್ಬಿಯಲ್ಲಿ ಸ್ಪಿರಿಟ್‌ಗೆ ಹತ್ತಿ ನೆನೆಸಿ ಇಡುವುದನ್ನು ನೀವೆಲ್ಲಾ ನೋಡಿದ್ದೀರಿ. ನಾವು ಓದುವಾಗಲೂ ಹಾಗೇ ಇಡುತ್ತಿದ್ದರು. ಹಾಗೆ ಮಾಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿ ವರ್ಷಗಳಾದವು, ಯಾಕಂದರೆ ದಿನವಿಡೀ ಬೆರಳು ಅದ್ದಿ ಅದ್ದಿ ಆ ಡಬ್ಬಿಯೇ ಕೊಳಕಾಗುತ್ತದೆ. ಒಣ ಹತ್ತಿಗೆ ಆಗಲೇ ಸ್ಪಿರಿಟ್ ಹಾಕಿಕೊಳ್ಳಬೇಕು, ಇಲ್ಲವೇ ಪ್ಯಾಕೆಟ್‌ನಲ್ಲಿ ಬರುವ ಸ್ವಾಬ್ ಬಳಸಬೇಕು.

ನಿಮ್ಮ ಪತ್ರದಲ್ಲಿ ನನಗೆ ಕಂಡ ಇನ್ನೊಂದು ವಿಷಯ: ಹೋದಾಗೆಲ್ಲಾ ಇಂಜೆಕ್ಷನ್ ಯಾಕೆ? ಮಾತ್ರೆ ನುಂಗಲು ಆಗುವವರಿಗೆ ನೆಗಡಿ, ಜ್ವರ, ಮೈಕೈ ನೋವಿಗೆ ಇಂಜೆಕ್ಷನ್ ಬೇಕಾಗುವುದು ಅಪರೂಪ. ಬೇಗ ವಾಸಿಯಾಗಲಿ ಅಂತ ನಾವೇ ಕೇಳಿ ಹಾಕಿಸಿಕೊಳ್ಳುತ್ತೇವೆ, ಡಾಕ್ಟರೂ ಕೊಟ್ಟು ಕಳಿಸುತ್ತಾರೆ. 'ಡಾಕ್ಟ್ರೇ, ಇದರಲ್ಲಿ ಸ್ಟೀರಾಯ್ಡ್ ಇದೆಯಾ' ಅಂತ ಒಂದು ಸಲ ಕೇಳಿ ನೋಡಿ, ಬೇಗ ಆರಾಮ ಅನ್ನಿಸಿದರೂ ಸುಮ್ಮನೆ ಹಾಕಿಸಿಕೊಳ್ಳುವ ಔಷಧ ಅಲ್ಲ ಅದು.

ಪ್ರಶ್ನೆ: ಬೋರ್ಡ್‌ನಲ್ಲಿ ಆರ್‌ಎಂಪಿ, ಬಿಇಎಂಎಸ್ ಅಂತ ಇದೆ. ಇವರು ಡಾಕ್ಟರಾ? – ಪೀಣ್ಯ

ಉತ್ತರ: ಅಲೋಪಥಿ ಔಷಧ ಬರೆಯುವ ಡಾಕ್ಟರಲ್ಲ. ಬಿಇಎಂಎಸ್ ಅಂದರೆ ಎಲೆಕ್ಟ್ರೋ ಹೋಮಿಯೋಪಥಿಯ ಕೋರ್ಸ್, ಆರ್‌ಎಂಪಿ ಅನ್ನುವುದು ಡಿಗ್ರಿಯೇ ಅಲ್ಲ. ಅಲೋಪಥಿ ಬರೆಯಬೇಕಾದರೆ ಎಂಬಿಬಿಎಸ್ ಇದ್ದು, ಮೆಡಿಕಲ್ ಕೌನ್ಸಿಲ್‌ನಲ್ಲಿ ಹೆಸರಿರಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗದ ವೆಬ್‌ಸೈಟ್‌ನಲ್ಲಿ ಹೆಸರು ಅಥವಾ ನೋಂದಣಿ ಸಂಖ್ಯೆ ಹಾಕಿ ಹುಡುಕಬಹುದು. ಸಂಖ್ಯೆ ಕೇಳಿದರೆ ಕೋಪ ಮಾಡಿಕೊಂಡರೆ ನಿಮಗೆ ಉತ್ತರ ಸಿಕ್ಕ ಹಾಗೆ.

ಪ್ರಶ್ನೆ: ಮಗುವಿಗೆ ಲಸಿಕೆ ಹಾಕಿಸಲು ಮನೆ ಹತ್ತಿರದ ಕ್ಲಿನಿಕ್‌ಗೆ ಹೋಗಿದ್ದೆ. ಫ್ರಿಜ್ ತೆಗೆದಾಗ ಒಳಗೆ ಹಾಲಿನ ಪ್ಯಾಕೆಟ್, ಊಟದ ಡಬ್ಬಿ, ನೀರಿನ ಬಾಟಲಿ ಇತ್ತು. ಲಸಿಕೆ ಬಾಗಿಲಿನ ತಟ್ಟೆಯಲ್ಲಿತ್ತು. ಹಿಂದಿನ ರಾತ್ರಿ ನಮ್ಮ ಕಡೆ ತುಂಬಾ ಹೊತ್ತು ಕರೆಂಟ್ ಇರಲಿಲ್ಲ. ಹಾಕಿಸಿಕೊಂಡು ಬಂದೆ, ಈಗ ನಿದ್ದೆ ಬರುತ್ತಿಲ್ಲ. – ಉತ್ತರಹಳ್ಳಿ

ಉತ್ತರ: ಮೊದಲು ಸಮಾಧಾನ ಮಾಡಿಕೊಳ್ಳಿ. ಶಾಖ ತಗುಲಿದ ಲಸಿಕೆಯಿಂದ ಸಾಮಾನ್ಯವಾಗಿ ಮಗುವಿಗೆ ಅಪಾಯ ಆಗುವುದಿಲ್ಲ. ಆಗುವ ನಷ್ಟ ಬೇರೆ, ಲಸಿಕೆ ಕೆಲಸ ಮಾಡದೇ ಹೋಗಬಹುದು, ಮಗುವಿಗೆ ರಕ್ಷಣೆ ಇದೆ ಅಂತ ನೀವು ಅಂದುಕೊಂಡಿರುತ್ತೀರಿ ಅಷ್ಟೇ.

ಮಕ್ಕಳಿಗೆ ಹಾಕುವ ಸಾಮಾನ್ಯ ಲಸಿಕೆಗಳನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇಡಬೇಕು. ಜನ ಶಾಖಕ್ಕೆ ಮಾತ್ರ ಹೆದರುತ್ತಾರೆ, ಆದರೆ ಹೆಪ್ಪುಗಟ್ಟಿದರೂ ಹಾಳೇ. ಪೆಂಟಾವೇಲೆಂಟ್, ಹೆಪಟೈಟಿಸ್ ಬಿ, ಟಿಡಿ ಇವೆಲ್ಲಾ ಒಮ್ಮೆ ಮಂಜಾದರೆ ಕರಗಿಸಿ ಹಾಕಿದರೂ ಪ್ರಯೋಜನ ಇಲ್ಲ. ಅದಕ್ಕೇ ಮೇಲೆ ಐಸ್ ಪೆಟ್ಟಿಗೆಗೆ ಅಂಟಿಸಿಯೂ ಇಡಬಾರದು, ಬಾಗಿಲಿನಲ್ಲೂ ಇಡಬಾರದು. ಬಾಗಿಲು ತೆಗೆದಾಗೆಲ್ಲಾ ಮೊದಲು ಬಿಸಿಯಾಗುವುದು ಅದೇ ತಟ್ಟೆ. ಊಟದ ಡಬ್ಬಿ ಬೇಡ ಅನ್ನುವುದಕ್ಕೂ ಕಾರಣ ಇದೇ, ಮಧ್ಯಾಹ್ನದ ಮೊಸರನ್ನಕ್ಕೆ ನಾಲ್ಕು ಜನ ನಾಲ್ಕು ಸಲ ಬಾಗಿಲು ತೆಗೆಯುತ್ತಾರೆ.

ಒಳ್ಳೆಯ ಕ್ಲಿನಿಕ್‌ನಲ್ಲಿ ಫ್ರಿಜ್ ಒಳಗೆ ಥರ್ಮಾಮೀಟರ್ ಇರುತ್ತದೆ, ಬಾಗಿಲ ಮೇಲೆ ಚಾರ್ಟ್ ಇರುತ್ತದೆ, ದಿನಕ್ಕೆ ಎರಡು ಸಲ ಉಷ್ಣಾಂಶ ಬರೆದು ಸಹಿ ಮಾಡಿರುತ್ತಾರೆ. ಆ ಚಾರ್ಟ್ ತೋರಿಸಿ ಅಂತ ಕೇಳಿ. ತಿಂಗಳಿಡೀ 4, 4, 4 ಅಂತ ಒಂದೇ ಪೆನ್ನಿನಲ್ಲಿ ಬರೆದಿದ್ದರೆ ಯಾರೋ ಒಂದೇ ದಿನ ಕೂತು ತುಂಬಿಸಿದ್ದಾರೆ. ತಪಾಸಣೆಗೆ ಹೋದವರಿಗೆ ಇದು ನೋಡಿದ ತಕ್ಷಣ ಗೊತ್ತಾಗುತ್ತದೆ, ಬೆಂಗಳೂರಿನಲ್ಲಿ ಭಾನುವಾರವೂ 4, ಕರೆಂಟ್ ಹೋದ ದಿನವೂ 4!

ಸರ್ಕಾರಿ ಲಸಿಕೆಯ ಬಾಟಲಿಗಳ ಮೇಲೆ ಒಂದು ಗುರುತು ಇರುತ್ತದೆ, ನೇರಳೆ ವೃತ್ತದ ಒಳಗೆ ಒಂದು ಚೌಕ. ಚೌಕ ತೆಳುವಾಗಿದ್ದು ವೃತ್ತ ಗಾಢವಾಗಿದ್ದರೆ ಸರಿ ಇದೆ. ಎರಡೂ ಒಂದೇ ಬಣ್ಣಕ್ಕೆ ಬಂದಿದ್ದರೆ, ಇಲ್ಲಾ ಚೌಕವೇ ಹೆಚ್ಚು ಗಾಢವಾಗಿದ್ದರೆ, ಶಾಖ ತಗುಲಿದೆ, ಬಳಸಬಾರದು. ಇದು ಶಾಖವನ್ನು ತೋರಿಸುತ್ತದೆ, ಮಂಜಾಗಿತ್ತಾ ಅಂತ ಹೇಳುವುದಿಲ್ಲ. ಎಲ್ಲ ಖಾಸಗಿ ಬ್ರ್ಯಾಂಡ್‌ಗಳ ಮೇಲೂ ಈ ಗುರುತು ಇರುವುದಿಲ್ಲ.

ಈಗ ನೀವು ಮಾಡಬೇಕಾದ್ದು: ಲಸಿಕೆ ಕಾರ್ಡ್ ತೆಗೆದುಕೊಂಡು ಹತ್ತಿರದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಆದದ್ದನ್ನು ಹೇಳಿ. ಆ ಡೋಸ್ ಮತ್ತೆ ಹಾಕಬೇಕಾ ಅಂತ ಅಲ್ಲಿನ ಡಾಕ್ಟರು ನೋಡಿ ಹೇಳುತ್ತಾರೆ. ರಾಷ್ಟ್ರೀಯ ಪಟ್ಟಿಯಲ್ಲಿರುವ ಲಸಿಕೆಗಳೆಲ್ಲಾ ಅಲ್ಲಿ ಉಚಿತ. ನಮ್ಮ ಮಧ್ಯಮ ವರ್ಗದವರಿಗೆ ಸರ್ಕಾರಿ ಕೇಂದ್ರ ಅಂದರೆ ಮೂಗು ಮುರಿಯುವ ಚಾಳಿ. ಲಸಿಕೆ ತಣ್ಣಗಿಡುವ ವ್ಯವಸ್ಥೆಯಲ್ಲಿ ಮಾತ್ರ ಸರ್ಕಾರಿ ಕೇಂದ್ರಗಳು ಎಷ್ಟೋ ಸಣ್ಣ ಕ್ಲಿನಿಕ್‌ಗಳಿಗಿಂತ ಮುಂದಿವೆ, ಕರೆಂಟ್ ಹೋದರೂ ಗಂಟೆಗಟ್ಟಲೆ ತಣ್ಣಗಿರುವ, ಒಳಗೋಡೆಯಲ್ಲಿ ಐಸ್ ಇರುವ ಫ್ರಿಜ್ ಅವರದ್ದು.

ಪ್ರಶ್ನೆ: ಮಗಳ ಮನೆಗೆ ಇಂಗ್ಲೆಂಡ್‌ಗೆ ಹೋಗಿದ್ದೆ. ಅಲ್ಲಿ ಅವಳ ಡಾಕ್ಟರ ಕ್ಲಿನಿಕ್ ಬಾಗಿಲಿನಲ್ಲೇ 'ಗುಡ್' ಅಂತ ಸರ್ಕಾರದ ರೇಟಿಂಗ್ ಅಂಟಿಸಿದ್ದರು. ಪೂರ್ತಿ ವರದಿಯನ್ನು ಯಾರು ಬೇಕಾದರೂ ಓದಬಹುದಂತೆ. ನಮ್ಮಲ್ಲಿ ಇಂಥದ್ದು ಯಾಕಿಲ್ಲ? – ಜಯನಗರ 4ನೇ ಬ್ಲಾಕ್

ಉತ್ತರ: ಒಳ್ಳೆಯ ಪ್ರಶ್ನೆ ಸಾರ್. ಅದನ್ನು ಮಾಡುವುದು ಕೇರ್ ಕ್ವಾಲಿಟಿ ಕಮಿಷನ್ ಅನ್ನುವ ಸಂಸ್ಥೆ, 2009ರಿಂದ ಇದೆ, ಇಂಗ್ಲೆಂಡ್‌ಗೆ ಮಾತ್ರ. ಅವರು ಐದು ಪ್ರಶ್ನೆ ಇಟ್ಟುಕೊಂಡು ಹೋಗುತ್ತಾರೆ: ಸುರಕ್ಷಿತವಾಗಿದೆಯಾ, ಚಿಕಿತ್ಸೆ ಫಲ ಕೊಡುತ್ತಿದೆಯಾ, ಕಾಳಜಿಯಿಂದ ನೋಡುತ್ತಾರಾ, ಜನರ ಅಗತ್ಯಕ್ಕೆ ಸ್ಪಂದಿಸುತ್ತಾರಾ, ಆಡಳಿತ ಸರಿ ಇದೆಯಾ. ರೇಟಿಂಗ್ ನಾಲ್ಕು ಥರ, ಅತ್ಯುತ್ತಮ, ಚೆನ್ನಾಗಿದೆ, ಸುಧಾರಿಸಬೇಕು, ಸಾಲದು. 2015ರಿಂದ ಅದನ್ನು ಕಾಣುವ ಹಾಗೆ ಹಾಕುವುದು ಕಡ್ಡಾಯ.

ನನಗೆ ಅದರಲ್ಲಿ ತುಂಬಾ ಇಷ್ಟವಾಗುವುದು ರೇಟಿಂಗ್ ಅಲ್ಲ, ಅವರು ಏನು ಹುಡುಕುತ್ತಾರೆ ಅನ್ನುವುದು. ಕಟ್ಟಡ, ಪರವಾನಗಿ ನೋಡಿ ಎದ್ದು ಬರುವುದಿಲ್ಲ. ರೋಗಿಗಳ ದಾಖಲೆಯೊಳಗೆ ಹೋಗುತ್ತಾರೆ. ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಅನ್ನುವ ಔಷಧ ತೆಗೆದುಕೊಳ್ಳುವವರಿಗೆ ಕಾಲಕಾಲಕ್ಕೆ ರಕ್ತ ಪರೀಕ್ಷೆ ಆಗಿದೆಯಾ, ಲ್ಯಾಬ್‌ನಿಂದ ಬಂದ ರಿಪೋರ್ಟ್ ಯಾರಾದರೂ ನೋಡಿದ್ದಾರಾ, ತುರ್ತಿಗೆ ಆಕ್ಸಿಜನ್ ಇದೆಯಾ, ಅಡ್ರಿನಲಿನ್ ಇದೆಯಾ, ಅದರ ದಿನಾಂಕ ಮುಗಿದಿಲ್ಲ ತಾನೇ? ಇಂಜೆಕ್ಷನ್ ಕೊಡುವ ಯಾವುದೇ ಕ್ಲಿನಿಕ್‌ನಲ್ಲಿ ಅಡ್ರಿನಲಿನ್ ಕೈಗೆಟುಕುವ ಹಾಗೆ ಇರಲೇಬೇಕು, ಅಲರ್ಜಿಯಾಗಿ ಉಸಿರು ಕಟ್ಟಿದಾಗ ಮೊದಲು ಬೇಕಾಗುವುದು ಅದೇ.

ಹಾಗಂತ ಅಲ್ಲಿ ಎಲ್ಲಾ ಸರಿ ಇದೆ ಅಂದುಕೊಳ್ಳಬೇಡಿ. 2024ರಲ್ಲಿ ಡಾ. ಪೆನ್ನಿ ಡ್ಯಾಶ್ ಅನ್ನುವವರು ಆ ಸಂಸ್ಥೆಯನ್ನೇ ಪರಿಶೀಲಿಸಿ ವರದಿ ಕೊಟ್ಟರು. ತಪಾಸಣೆ ಮಾಡಬೇಕಾದ ಜಾಗಗಳಲ್ಲಿ ಸುಮಾರು ಐದರಲ್ಲಿ ಒಂದಕ್ಕೆ ಯಾವತ್ತೂ ರೇಟಿಂಗೇ ಸಿಕ್ಕಿರಲಿಲ್ಲ, ಕೆಲವು ರೇಟಿಂಗ್‌ಗಳು ವರ್ಷಗಟ್ಟಲೆ ಹಳೆಯವು. ನಿಮ್ಮ ಮಗಳಿಗೆ ಹೇಳಿ, 'ಗುಡ್' ಅನ್ನುವುದರ ಕೆಳಗೆ ತಾರೀಖು ಯಾವುದು ಅಂತ ನೋಡಲಿ.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ಸರ್ಕಾರಿ ಕೇಂದ್ರಗಳಿಗೆ ಎನ್‌ಕ್ಯುಎಎಸ್ ಅನ್ನುವ ಗುಣಮಟ್ಟ ಪ್ರಮಾಣಪತ್ರ ಇದೆ, ಸ್ವಚ್ಛತೆಗೆ 2015ರಿಂದ ಕಾಯಕಲ್ಪ ಪ್ರಶಸ್ತಿ ಇದೆ. ಖಾಸಗಿಯವರಿಗೆ ಎನ್‌ಎಬಿಎಚ್ ಅನ್ನುವ ಗುಣಮಟ್ಟದ ಮಾನ್ಯತೆ ಇದೆ, ಕ್ಲಿನಿಕ್‌ಗಳಿಗೂ ಅದರ ಮಾನದಂಡ ಇವೆ, ಆದರೆ ಸೇರುವುದು ಅವರವರ ಇಷ್ಟ. ಕೆಪಿಎಂಇ ತಪಾಸಣೆ ಇದೆ, ಅದರ ವರದಿ ಕ್ಲಿನಿಕ್ ಬಾಗಿಲಿಗೆ ಬರುವುದಿಲ್ಲ, ಕಚೇರಿ ಫೈಲಿನಲ್ಲಿ ಇರುತ್ತದೆ. ಬೇಕಾದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಅರ್ಜಿ ಹಾಕಿ. 'ಇಂಥ ಕ್ಲಿನಿಕ್‌ನ ಕೊನೆಯ ತಪಾಸಣೆಯ ವರದಿಯ ಪ್ರತಿ ಕೊಡಿ' ಅಂತ ಒಂದೇ ವಿಷಯ ಬರೆಯಿರಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವ ಹಾಗಿಲ್ಲ. ಉತ್ತರಕ್ಕೆ 30 ದಿನ ಗಡುವು. ನಿಮ್ಮಂಥ ನಿವೃತ್ತರು ಬಡಾವಣೆಗೆ ಒಬ್ಬರು ಹೀಗೆ ಕೇಳಲು ಶುರು ಮಾಡಿದರೆ ತಪಾಸಣೆ ಮಾಡುವವರೂ ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ಪ್ರಶ್ನೆ: ನಾನೂ ಡಾಕ್ಟರು, ಹತ್ತು ಬೈ ಹನ್ನೆರಡರ ಅಂಗಡಿಯಲ್ಲಿ ಕ್ಲಿನಿಕ್. ಕೆಪಿಎಂಇ, ಮಾಲಿನ್ಯ ಮಂಡಳಿ, ಕಸದವರ ಒಪ್ಪಂದ, ಟ್ರೇಡ್ ಲೈಸೆನ್ಸ್ ಬಗ್ಗೆ ಗೊಂದಲ, ಹೀಗೆ ಕಾಗದದಲ್ಲೇ ದಿನ ಹೋಗುತ್ತದೆ. ತಪಾಸಣೆಗೆ ಬಂದವರು ರೋಗಿಯನ್ನು ಹೇಗೆ ನೋಡುತ್ತೇನೆ ಅಂತ ಒಮ್ಮೆಯೂ ಕೇಳಿಲ್ಲ. ನಿಮ್ಮ ಅಂಕಣ ನೋಡಿದರೆ ನಾವೇ ಕಳ್ಳರ ಹಾಗೆ ಕಾಣುತ್ತೇವೆ. – ಯಶವಂತಪುರ

ಉತ್ತರ: ಡಾಕ್ಟರೇ, ನಿಮ್ಮ ಕೋಪದಲ್ಲಿ ಅರ್ಧ ನ್ಯಾಯ ಇದೆ. 2017ರ ನವೆಂಬರ್ ನೆನಪಿದೆಯಲ್ಲ? ರಮೇಶ್ ಕುಮಾರ್ ಆರೋಗ್ಯ ಮಂತ್ರಿ, ಕೆಪಿಎಂಇ ತಿದ್ದುಪಡಿ ವಿರುದ್ಧ ನಮ್ಮವರು ಅಧಿವೇಶನ ನಡೆಯುತ್ತಿದ್ದ ಬೆಳಗಾವಿಗೆ ಹೋಗಿ ಕೂತರು, ಇಲ್ಲಿ ಖಾಸಗಿ ಆಸ್ಪತ್ರೆಗಳ ಬಾಗಿಲು ಮುಚ್ಚಿದವು, ಜನ ಪರದಾಡಿದರು. ಜಗಳ ಎಲ್ಲಾ ಚಿಕಿತ್ಸೆಯ ದರವನ್ನು ಸರ್ಕಾರ ಗೊತ್ತು ಮಾಡುವುದರ ಮೇಲೆ, ತಪ್ಪಿಗೆ ಡಾಕ್ಟರಿಗೆ ಜೈಲು ಅನ್ನುವುದರ ಮೇಲೆ. ಕೈ ತೊಳೆಯುವುದು, ಫ್ರಿಜ್, ದಾಖಲೆ, ಇವುಗಳ ಮಾತು ಆ ಕಡೆಯಿಂದಲೂ ಜಾಸ್ತಿ ಬರಲಿಲ್ಲ, ಈ ಕಡೆಯಿಂದಲೂ ಬರಲಿಲ್ಲ. ಕಾಗದ ಎಣಿಸುವುದು ಸುಲಭ, ಚಿಕಿತ್ಸೆ ಅಳೆಯುವುದು ಕಷ್ಟ, ಹಾಗಾಗಿ ತಪಾಸಣೆ ಕಾಗದದಲ್ಲೇ ಮುಗಿಯುತ್ತದೆ.

ಆದರೆ ನಾನು ಮೇಲೆ ಹೇಳಿದ್ದರಲ್ಲಿ ಯಾವುದಕ್ಕೆ ದೊಡ್ಡ ಜಾಗ ಬೇಕು? ಯಾವುದಕ್ಕೆ ಲಕ್ಷಗಟ್ಟಲೆ ದುಡ್ಡು ಬೇಕು? ಹತ್ತು ಬೈ ಹನ್ನೆರಡರಲ್ಲೂ ಒಂದು ಸಿಂಕ್ ಹಿಡಿಯುತ್ತದೆ. ಮುಂದಿನ ಸಲ ತಪಾಸಣೆಯವರು ಬಂದಾಗ ನೀವೇ ಕೇಳಿ, 'ಫೈಲ್ ಆಯಿತು, ನನ್ನ ಫ್ರಿಜ್ ಚಾರ್ಟ್ ನೋಡುವುದಿಲ್ಲವಾ' ಅಂತ.

ಪ್ರಶ್ನೆ: ಡಾಕ್ಟರು ಚೀಟಿ ಬರೆಯಲ್ಲ, ಮಾತ್ರೆ ಬಿಡಿಸಿ ಕಾಗದದ ಪೊಟ್ಟಣ ಕಟ್ಟಿ ಕೊಡುತ್ತಾರೆ. ಅಪ್ಪನ ಹಳೆಯ ದಾಖಲೆ ಕೇಳಿದರೆ 'ನಮ್ಮದು ಸಣ್ಣ ಕ್ಲಿನಿಕ್, ಅದೆಲ್ಲಾ ಇಡಲ್ಲ' ಅಂದರು. ಯಾರಿಗೆ ದೂರು ಕೊಡಬೇಕು? – ಕೆ.ಆರ್. ಪುರ

ಉತ್ತರ: ಪೊಟ್ಟಣದ ಕಾಲ ಮುಗಿಯಬೇಕಿತ್ತು, ಮುಗಿದಿಲ್ಲ. ಔಷಧದ ಹೆಸರು, ಅವಧಿ ಯಾವುದೂ ಗೊತ್ತಾಗದ ಮಾತ್ರೆ ನುಂಗಿ ರಾತ್ರಿ ಅಲರ್ಜಿ ಆದರೆ ವಿಕ್ಟೋರಿಯಾ ಆಸ್ಪತ್ರೆಯ ಡ್ಯೂಟಿ ಡಾಕ್ಟರಿಗೆ ಏನು ಹೇಳುತ್ತೀರಿ, 'ಬಿಳಿ ಮಾತ್ರೆ, ಅರ್ಧ ಹಳದಿ ಮಾತ್ರೆ' ಅಂತಲಾ? ವೈದ್ಯರ ನಡವಳಿಕೆಯ 2002ರ ನಿಯಮದ ಪ್ರಕಾರ ಔಷಧದ ಹೆಸರು ಓದಲು ಬರುವ ಹಾಗೆ ಬರೆಯಬೇಕು. ಒಳರೋಗಿಗಳ ದಾಖಲೆ ಮೂರು ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಕ್ಲಿನಿಕ್‌ಗೆ ಬಂದು ಹೋಗುವವರಿಗೆ ಚೀಟಿಯೇ ದಾಖಲೆ, ಅದಕ್ಕೇ ಚೀಟಿ ಬೇಕೇ ಬೇಕು ಅಂತ ಪಟ್ಟು ಹಿಡಿಯಿರಿ.

ಮೊದಲು ಡಾಕ್ಟರನ್ನೇ ಬರಹದಲ್ಲಿ ಕೇಳಿ. ಆಗಲಿಲ್ಲವಾ, ಕ್ಲಿನಿಕ್ ಬಗ್ಗೆ ದೂರು ಜಿಲ್ಲಾ ಮಟ್ಟದ ಕೆಪಿಎಂಇ ಪ್ರಾಧಿಕಾರಕ್ಕೆ, ಅದಕ್ಕೆ ಜಿಲ್ಲಾಧಿಕಾರಿ ಮುಖ್ಯಸ್ಥರು. ಡಾಕ್ಟರ ನಡವಳಿಕೆ ಬಗ್ಗೆ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ಗೆ. ದಾರಿ ತಿಳಿಯದಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ. ಪರಿಹಾರದ ದುಡ್ಡು ಬೇಕಾದರೆ ಗ್ರಾಹಕರ ಆಯೋಗ, ದುಡ್ಡು ಕೊಟ್ಟು ಪಡೆದ ಚಿಕಿತ್ಸೆಯೂ ಗ್ರಾಹಕ ಕಾಯ್ದೆಗೆ ಸೇರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಎರಡು ವರ್ಷದೊಳಗೆ ಹೋಗಬೇಕು. ಕ್ಲಿನಿಕ್‌ಗೆ ನುಗ್ಗಿ ಕೂಗಾಡುವುದು, ಗಾಜು ಒಡೆಯುವುದು ಮಾತ್ರ ಬೇಡ. ಅದಕ್ಕೆ 2009ರ ಕಾಯ್ದೆ ಇದೆ, ನೀವೇ ಒಳಗೆ ಹೋಗುತ್ತೀರಿ, ನಿಮ್ಮ ದೂರು ಅಲ್ಲಿಗೇ ಸಾಯುತ್ತದೆ.

ಪ್ರಶ್ನೆ: ನಮ್ಮ ಬೀದಿಯ ಮೂಲೆಯ ಕಸದಲ್ಲಿ ಸಿರಿಂಜು, ರಕ್ತದ ಹತ್ತಿ ಇತ್ತು. ಕಸ ತೆಗೆಯುವ ಅಮ್ಮನ ಕೈಗೆ ಸೂಜಿ ಚುಚ್ಚಿತು. ಏನು ಮಾಡಬೇಕಿತ್ತು? – ಬನಶಂಕರಿ

ಉತ್ತರ: ಇದು ಈ ಸಲದ ಪತ್ರಗಳಲ್ಲೇ ದೊಡ್ಡದು, ನೀವು ಎರಡು ಸಾಲಿನಲ್ಲಿ ಬರೆದಿದ್ದೀರಿ. ಕ್ಲಿನಿಕ್ ಕಸ ಬೀದಿಗೆ ಬರುವ ಹಾಗೇ ಇಲ್ಲ. 2016ರ ನಿಯಮದಲ್ಲಿ ರಕ್ತದ ಹತ್ತಿ ಹಳದಿ ಚೀಲಕ್ಕೆ, ಸಿರಿಂಜ್, ಟ್ಯೂಬ್ ಕೆಂಪಿಗೆ, ಗಾಜು ನೀಲಿಗೆ, ಸೂಜಿಗಳು, ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ ಹೋಗಬೇಕು. ಅದನ್ನು ಅಧಿಕೃತ ಸಂಸ್ಥೆಯ ಗಾಡಿ ಬಂದು ಒಯ್ಯಬೇಕು. ಆ ಕಸ ಮುಟ್ಟದೆ ಫೋಟೋ ತೆಗೆಯಿರಿ, ಅದರಲ್ಲಿ ಚೀಟಿ, ಔಷಧದ ಲೇಬಲ್ ಏನಾದರೂ ಇದ್ದರೆ ಅದು ಕಾಣಲಿ, ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡಿ. ಶುಗರ್‌ಗೆ ಮನೆಯಲ್ಲೇ ಇನ್ಸುಲಿನ್ ಚುಚ್ಚಿಕೊಳ್ಳುವವರೂ ಕೇಳಿಸಿಕೊಳ್ಳಿ, ನಿಮ್ಮ ಸೂಜಿಗಳೂ ಗಟ್ಟಿ ಡಬ್ಬಿಯಲ್ಲಿ ಹಾಕಿ ಬೇರೆಯಾಗಿಯೇ ಕೊಡಬೇಕು.

ಆ ಅಮ್ಮನ ವಿಷಯಕ್ಕೆ ತಡ ಮಾಡಬೇಡಿ. ಚುಚ್ಚಿದ ಜಾಗವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಬೇಕು, ಹಿಂಡಬಾರದು, ಬಾಯಿಗೆ ಇಟ್ಟುಕೊಳ್ಳಬಾರದು. ಆಮೇಲೆ ಸೀದಾ ಬೌರಿಂಗ್ ಅಥವಾ ವಿಕ್ಟೋರಿಯಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾ ಅಂತ ಅಲ್ಲಿ ನಿರ್ಧರಿಸುತ್ತಾರೆ. ಅದನ್ನು ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು, ಎರಡು ಗಂಟೆಯೊಳಗಾದರೆ ತುಂಬಾ ಒಳ್ಳೆಯದು, 72 ಗಂಟೆ ದಾಟಿದ ಮೇಲೆ ಕೊಡುವುದಿಲ್ಲ. ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ ಅಂತಲೂ ಕೇಳಿ, ಆಗಿರದಿದ್ದರೆ ಅವತ್ತೇ ಶುರು ಮಾಡಿಸಿ. ಅವರು 'ಪರವಾಗಿಲ್ಲಮ್ಮ, ಇದೇನು ಹೊಸದಾ' ಅಂತ ಕೈ ಒರೆಸಿಕೊಂಡು ಗಾಡಿ ಹತ್ತಲು ಹೋಗುತ್ತಾರೆ. ಬಿಡಬೇಡಿ, ನೀವೇ ಆಟೋ ಹತ್ತಿಸಿಕೊಂಡು ಹೋಗಿ, ಅವರ ಮೇಸ್ತ್ರಿಗೂ ಫೋನ್ ಮಾಡಿ ಹೇಳಿ, ಇಲ್ಲದಿದ್ದರೆ ಅವತ್ತಿನ ಹಾಜರಿ ಕಟ್ ಆಗುತ್ತದೆ.